ಟಿಬಿ ಅಲ್ವಂತೆ

2019ರ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಅಣ್ಣ ಬೆಂಗಳೂರಿನ ಆಸ್ಪತ್ರೆಯೊಂದರ ಮೆಟ್ಟಿಲ ಮೇಲೆ ನಿಂತು ಜಾವಗಲ್ಲಿಗೆ ಫೋನ್ ಮಾಡಿದ. ಹೇಳಿದ ಮೊದಲ ಮಾತೇ ಇದು: "ಅವ್ವಾ, ಟಿಬಿ ಅಲ್ವಂತೆ!" ಪಕ್ಕದಲ್ಲಿ ನಿಂತಿದ್ದ ನನಗೂ ಆ ಕಡೆಯಿಂದ ಅವ್ವ "ನನ್ನಪ್ಪಾ ನರಸಿಂಹಸ್ವಾಮಿ" ಅಂದದ್ದು ಕೇಳಿಸ್ತು. ಹಾಗಾದ್ರೆ ಮತ್ತೇನು ಅಂತ ಅವ್ವ ಕೇಳಲಿಲ್ಲ. ಅಣ್ಣನೂ ಹೇಳಲಿಲ್ಲ. ಏನಲ್ಲ ಅನ್ನೋದು ಗೊತ್ತಾದದ್ದೇ ಇಬ್ಬರಿಗೂ ಸಾಕಾಗಿತ್ತು.

ಒಳಗೆ ಡಾಕ್ಟರು ಹೇಳಿದ್ದು ಎರಡು ಮಾತು. ಇದು ಟಿಬಿ ಅಲ್ಲ, ಸಾರ್ಕಾಯ್ಡೋಸಿಸ್ ಅನ್ನೋದು ಒಂದು. ಶ್ವಾಸಕೋಶದ ಮೇಲ್ಭಾಗದಲ್ಲಿ ಆಗಲೇ ಕಲೆ ಕಟ್ಟಿದೆ, ಅಷ್ಟು ಭಾಗ ಮತ್ತೆ ಮೊದಲಿನ ಹಾಗೆ ಆಗೋದಿಲ್ಲ ಅನ್ನೋದು ಇನ್ನೊಂದು. ನಾನು, ಅಣ್ಣ ಮೊದಲನೇ ಮಾತನ್ನು ಹಿಡಿದುಕೊಂಡು ಹೊರಗೆ ಓಡಿಬಂದಿದ್ವಿ. ಎರಡನೇ ಮಾತಿನ ಜೊತೆ ಅತ್ತಿಗೆ ಒಳಗೇ ಬೆಂಚಿನ ಮೇಲೆ ಕೂತಿದ್ದರು, ಮಡಿಲಲ್ಲಿ ಸಿಟಿ ಸ್ಕ್ಯಾನಿನ ದೊಡ್ಡ ಕವರ್ ಇಟ್ಟುಕೊಂಡು.

ಮಾರನೇ ದಿನ ಊರಿಗೆ ಹೋದೆವು. ಅವ್ವ ನರಸಿಂಹಸ್ವಾಮಿ ಗುಡಿಯಲ್ಲಿ ಮಂಗಳಾರತಿ ಮಾಡಿಸಿದ್ದಳು, ದರ್ಗಾಕ್ಕೂ ಸಕ್ಕರೆ ಕಳಿಸಿದ್ದಳು. ನಮ್ಮೂರಲ್ಲಿ ಹರಕೆ ಹೊರುವವರು ಎರಡೂ ಕಡೆ ಹೊರುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆಯ ಮುಂದೆ ಬಂದ ತಟ್ಟೆ ಮನೆಯ ಎಲ್ಲರ ತಟ್ಟೆಗಳ ಜೊತೆಗಿನದು. ಒಂಬತ್ತು ತಿಂಗಳಾದ ಮೇಲೆ. ಅನ್ನ ಬಡಿಸುತ್ತಾ ಅವ್ವ ಕಣ್ಣು ಒರೆಸಿಕೊಂಡು ಹೇಳಿದಳು: "ಟಿಬಿ ಅನ್ಕಂಡು ಹಂಗೆಲ್ಲಾ ಮಾಡ್ಬಿಟ್ವಿ ಕಣವ್ವ, ಮನಸಲ್ಲಿ ಇಟ್ಕಬೇಡ."

ಅತ್ತಿಗೆ ತಲೆ ಎತ್ತದೆ ಕೇಳಿದರು: "ಟಿಬಿನೇ ಆಗಿದ್ದಿದ್ರೆ ಸರಿನಾ ಅತ್ತೆ, ಮಾಡಿದ್ದು?"

ಯಾರೂ ಉತ್ತರ ಕೊಡಲಿಲ್ಲ. ಅಣ್ಣ ಸಾರು ಕೇಳಿದ. ನಾನು ಈ ಅಂಕಣದಲ್ಲಿ ಬರೆಯೋಕೆ ಹೊರಟಿರೋದು ಆ ಪ್ರಶ್ನೆ ಬಗ್ಗೆ. ಇಷ್ಟು ವರ್ಷ ಬರೆಯದೇ ಇದ್ದದ್ದು ಯಾಕೆ ಅನ್ನೋದೂ ಅದರಲ್ಲೇ ಸೇರಿದೆ.

ಮೊದಲು ಕಾಯಿಲೆ ವಿಷಯ ಹೇಳಿಬಿಡ್ತೀನಿ. 2018ರ ಯುಗಾದಿ ಹೊತ್ತಿಗೆ ಅತ್ತಿಗೆಗೆ ಒಣಕೆಮ್ಮು ಶುರುವಾಯ್ತು. ತೆಂಗಿನತೋಟಕ್ಕೆ ಹೋಗಿ ಬರುವಷ್ಟರಲ್ಲಿ ಸುಸ್ತು. ಸಾಯಂಕಾಲ ಮೈ ಬೆಚ್ಚಗೆ. ನಾಲ್ಕು ತಿಂಗಳಲ್ಲಿ ರವಿಕೆ ಎಲ್ಲಾ ಸಡಿಲ. ಕೊಬ್ಬರಿ ಧೂಳು, ಹಿಟ್ಟಿನ ಗಿರಣಿ ಧೂಳು, ಶೀತ, ದೃಷ್ಟಿ ಅಂತ ಒಂದೊಂದು ತಿಂಗಳು ಒಂದೊಂದು ಕಾರಣ ಹೇಳಿಕೊಂಡು ದೀಪಾವಳಿವರೆಗೆ ತಳ್ಳಿದೆವು. ಆಮೇಲೆ ಹಾಸನದಲ್ಲಿ ಎಕ್ಸ್‌ರೇ ತೆಗೆದರು. ಎದೆಯೊಳಗೆ, ಶ್ವಾಸನಾಳ ಎರಡು ಕವಲಾಗುವ ಕಡೆ, ಗ್ರಂಥಿಗಳು ಊದಿಕೊಂಡಿದ್ದವು. ಕಫ ಸರಿಯಾಗಿ ಬರುತ್ತಲೇ ಇರಲಿಲ್ಲ. ಬಂದಷ್ಟರಲ್ಲಿ ಟಿಬಿ ಕ್ರಿಮಿ ಸಿಕ್ಕಲಿಲ್ಲ. ಮುಂಗೈಗೆ ಚುಚ್ಚಿ ಎರಡು ಮೂರು ದಿನ ಬಿಟ್ಟು ನೋಡ್ತಾರಲ್ಲ, ಆ ಪರೀಕ್ಷೆಯಲ್ಲೂ ಏನೂ ಏಳಲಿಲ್ಲ. ಆದರೂ ಡಾಕ್ಟರು ಟಿಬಿ ಮಾತ್ರೆ ಬರೆದರು. ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲಿನ ನಾಲ್ಕು ತಿಂಗಳು ಮೂರು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಅತ್ತಿಗೆ ಹೆದರಿ ನನಗೆ ಫೋನ್ ಮಾಡಿದ್ದರು, ಅದು ಒಂದು ಮಾತ್ರೆಯ ಬಣ್ಣ ಅಷ್ಟೇ ಅಂತ ಇಂಟರ್ನೆಟ್ ನೋಡಿ ಹೇಳಿದ್ದೆ. ಈ ಇಡೀ ಕತೆಯಲ್ಲಿ ನಾನು ಮಾಡಿದ ಒಂದೇ ಒಂದು ಉಪಕಾರ ಅದು.

ಆರು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದರು. ಕೆಮ್ಮು ಹೋಗಲಿಲ್ಲ, ಉಸಿರು ಇನ್ನಷ್ಟು ಗಿಡ್ಡವಾಯ್ತು. ಆಮೇಲೆ ಬೆಂಗಳೂರು. ಗಂಟಲಿನಿಂದ ಕೊಳವೆ ಇಳಿಸಿ ಗ್ರಂಥಿಯ ಚೂರು ತೆಗೆದು ಪರೀಕ್ಷೆ ಮಾಡಿದಾಗ ಗೊತ್ತಾಯ್ತು.

ಸಾರ್ಕಾಯ್ಡೋಸಿಸ್ ಅಂದ್ರೆ ಮೈಯ ಕಾವಲುಪಡೆ ಶತ್ರು ಯಾರೂ ಕಾಣಿಸದೆಯೇ ಅಲ್ಲಲ್ಲಿ ಗುಂಪು ಕಟ್ಟಿಕೊಂಡು ಸಣ್ಣಸಣ್ಣ ಗಂಟುಗಳಾಗೋದು. ಹತ್ತರಲ್ಲಿ ಒಂಬತ್ತು ಜನರಿಗೆ ಶ್ವಾಸಕೋಶ ಇಲ್ಲವೇ ಎದೆಯೊಳಗಿನ ಗ್ರಂಥಿಗಳಲ್ಲಿ ಆಗುತ್ತೆ, ಕಣ್ಣು ಚರ್ಮಕ್ಕೂ ಬರಬಹುದು. 1899ರಲ್ಲಿ ನಾರ್ವೆಯ ಚರ್ಮರೋಗ ವೈದ್ಯ ಸೀಸರ್ ಬೆಕ್ ಅದಕ್ಕೊಂದು ಹೆಸರು ಕೊಟ್ಟ. ಮಾಂಸದಂಥದ್ದು ಅನ್ನೋ ಅರ್ಥದ ಗ್ರೀಕ್ ಪದದಿಂದ ಬಂದದ್ದು. ನೂರಿಪ್ಪತ್ತು ವರ್ಷವಾದರೂ ಕಾರಣ ಏನು ಅಂತ ಇನ್ನೂ ಪತ್ತೆಯಾಗಿಲ್ಲ. ಟಿಬಿಯಲ್ಲೂ ಇಂಥದೇ ಗಂಟುಗಳು ಕಟ್ಟುತ್ತವೆ. ಟಿಬಿಯ ಗಂಟಿನ ನಡುಭಾಗ ಸತ್ತು ಗಿಣ್ಣದ ಹಾಗೆ ಆಗಿರುತ್ತೆ, ಇದರದ್ದು ಸಾಮಾನ್ಯವಾಗಿ ಹಾಗಾಗಿರೋಲ್ಲ. ಎರಡಕ್ಕೂ ಇರೋ ವ್ಯತ್ಯಾಸ ಮೈಕ್ರೋಸ್ಕೋಪಿನ ಕೆಳಗೆ ಅಷ್ಟು, ಎಕ್ಸ್‌ರೇಯಲ್ಲಿ ಅದೂ ಕಾಣೋದಿಲ್ಲ.

ಬಹಳ ಜನರಿಗೆ ಇದು ತಾನಾಗೇ, ಇಲ್ಲಾಂದ್ರೆ ಸ್ವಲ್ಪ ಔಷಧಿಯಲ್ಲಿ ಇಳಿದುಹೋಗುತ್ತೆ. ಕೆಲವರಿಗೆ ಹೋಗಲ್ಲ. ಗಂಟು ಇದ್ದ ಕಡೆ ಗಾಯ ಮಾಯೋಕೆ ನಾರು ಬೆಳೆಯುತ್ತೆ. ಮೊಣಕಾಲು ತರಚಿದ ಕಡೆ ಬಿಳಿ ಕಲೆ ಉಳಿಯೋ ಹಾಗೆ. ಮೊಣಕಾಲಿನ ಮೇಲಾದರೆ ನಷ್ಟವಿಲ್ಲ. ಶ್ವಾಸಕೋಶ ಹಿಗ್ಗಿ ಕುಗ್ಗಬೇಕಾದ ಅಂಗ. ನಾರುಗಟ್ಟಿದ ಕಡೆ ಅದು ಹಿಗ್ಗೋದಿಲ್ಲ, ಗಾಳಿಯಿಂದ ರಕ್ತಕ್ಕೆ ಆಮ್ಲಜನಕ ದಾಟೋದಿಲ್ಲ. ಬೆಂಗಳೂರಿನ ಡಾಕ್ಟರು ಇದನ್ನು ಫೈಬ್ರೋಸಿಸ್ ಅಂದರು. ಸ್ಪಂಜು, ರಬ್ಬರು ಅಂತೆಲ್ಲ ಉದಾಹರಣೆ ಕೊಟ್ಟು ಅತ್ತಿಗೆಗೆ ವಿವರಿಸೋಕೆ ನೋಡಿದರು. ಅತ್ತಿಗೆ ಎಲ್ಲಾ ಕೇಳಿಸಿಕೊಂಡು, "ಕೊಬ್ಬರಿ ಆದ ಮೇಲೆ ಎಳನೀರಾಗಲ್ಲ ಅಂತೀರಾ" ಅಂದರು. ಡಾಕ್ಟರು ಉತ್ತರ ಕರ್ನಾಟಕದ ಕಡೆಯವರು, ಒಂದು ಕ್ಷಣ ಬಿಟ್ಟು "ಹೌದ್ರಿ, ಹಂಗೇ" ಅಂದರು.

ಅಣ್ಣನಿಗೆ ಸಂತೋಷ ಇಳಿದ ಮೇಲೆ ಸಿಟ್ಟು ಬಂತು. ಆರು ತಿಂಗಳು ಇಲ್ಲದ ರೋಗಕ್ಕೆ ಔಷಧಿ ಕೊಟ್ಟರಲ್ಲ, ಅಷ್ಟರಲ್ಲಿ ಶ್ವಾಸಕೋಶ ಹಾಳಾಯ್ತಲ್ಲ ಅಂತ. ಗ್ರಾಹಕರ ನ್ಯಾಯಾಲಯಕ್ಕೆ ಹಾಕ್ತೀನಿ ಅಂತ ಅರಸೀಕೆರೆಯಲ್ಲಿ ವಕೀಲರನ್ನೂ ನೋಡಿಬಂದ. ಎರಡು ವರ್ಷ ನಮ್ಮ ಮನೆಯಲ್ಲಿ ಯಾರು ಸೇರಿದರೂ ಮಾತು ಅಲ್ಲಿಗೇ ಹೋಗುತ್ತಿತ್ತು. ನಾನೂ ಸೇರಿಕೊಂಡು ಬೈದಿದ್ದೀನಿ.

ಈಗ ಕೂತು ಯೋಚನೆ ಮಾಡಿದರೆ ಆ ಹಾಸನದ ಡಾಕ್ಟರ ಜಾಗದಲ್ಲಿ ನಿಂತು ನೋಡೋದು ಅಷ್ಟು ಕಷ್ಟವಲ್ಲ. ಪ್ರಪಂಚದ ಟಿಬಿ ರೋಗಿಗಳಲ್ಲಿ ಹೆಚ್ಚುಕಮ್ಮಿ ಕಾಲುಭಾಗ ನಮ್ಮ ದೇಶದಲ್ಲಿದ್ದಾರೆ. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಲೆಕ್ಕದಲ್ಲಿ, ದೇಶದ ಬೇರೆ ಬೇರೆ ಊರುಗಳ ಎದೆರೋಗ ತಜ್ಞರು ಈ ಥರದ ಶ್ವಾಸಕೋಶದ ಕಾಯಿಲೆಗಳ 1,084 ರೋಗಿಗಳನ್ನು ದಾಖಲು ಮಾಡಿದ್ದರು. ಅದರಲ್ಲಿ ಸಾರ್ಕಾಯ್ಡೋಸಿಸ್ ನೂರಕ್ಕೆ ಎಂಟರಷ್ಟೂ ಇರಲಿಲ್ಲ. ಜ್ವರ, ಕೆಮ್ಮು, ತೂಕ ಇಳಿದಿರೋದು, ಎದೆಯಲ್ಲಿ ಗ್ರಂಥಿ — ಇಷ್ಟು ಇಟ್ಟುಕೊಂಡು ಎದುರಿಗೆ ಕೂತ ಹೆಂಗಸಿಗೆ ಟಿಬಿ ಅನ್ನದೆ ಇನ್ನೇನು ಅನ್ನಬೇಕಿತ್ತು? ಅದೂ ಅಲ್ಲದೆ ಎರಡು ತಪ್ಪುಗಳ ತೂಕ ಒಂದೇ ಅಲ್ಲ. ಸಾರ್ಕಾಯ್ಡೋಸಿಸ್‌ಗೆ ಕೊಡೋದು ಸ್ಟೀರಾಯ್ಡ್, ಅದು ಮೈಯ ಕಾವಲನ್ನೇ ತಗ್ಗಿಸುತ್ತೆ. ಟಿಬಿ ಇದ್ದವರಿಗೆ ಸಾರ್ಕಾಯ್ಡೋಸಿಸ್ ಅಂದುಕೊಂಡು ಬರೀ ಸ್ಟೀರಾಯ್ಡ್ ಕೊಟ್ಟರೆ ಟಿಬಿ ಬೆಂಕಿಯ ಹಾಗೆ ಹಬ್ಬಬಹುದು. ಸಾರ್ಕಾಯ್ಡೋಸಿಸ್ ಇದ್ದವರಿಗೆ ಟಿಬಿ ಮಾತ್ರೆ ಕೊಟ್ಟರೆ ಸಮಯ ಹಾಳು, ಲಿವರ್‌ಗೆ ಸ್ವಲ್ಪ ಅಪಾಯ. ಯಾವುದೋ ಒಂದು ತಪ್ಪು ಆಗೇ ಆಗುತ್ತೆ ಅಂದಾಗ ಚಿಕ್ಕ ತಪ್ಪಿನ ಕಡೆ ವಾಲುವವನನ್ನು ಕೆಟ್ಟವನು ಅನ್ನೋಕೆ ಆಗೋದಿಲ್ಲ.

ಹಾಗಂತ ಅವರನ್ನು ಪೂರ್ತಿ ಬಿಟ್ಟುಬಿಡ್ತಾ ಇಲ್ಲ. ಎರಡು ತಿಂಗಳಾದರೂ ಒಂದು ಕೂದಲೆಳೆ ಸುಧಾರಿಸದೇ ಇದ್ದಾಗ, ಕೈಗೆ ಚುಚ್ಚಿದ್ದೂ ಏಳದೇ ಇದ್ದಾಗ, ಯಾಕೋ ಸರಿಹೋಗ್ತಿಲ್ಲ ಬೆಂಗಳೂರಿಗೆ ಹೋಗಿ ಅನ್ನಬಹುದಿತ್ತು. ಅನ್ನಲಿಲ್ಲ. ಅಷ್ಟು ತಪ್ಪು ಅವರದ್ದು, ನನ್ನ ಲೆಕ್ಕದಲ್ಲಿ. ಆದರೆ ಕಲೆ ಕಟ್ಟಿದ್ದು ಆ ತಪ್ಪಿನಿಂದಲೇನಾ? ಇದನ್ನು ಬೆಂಗಳೂರಿನ ಡಾಕ್ಟರನ್ನು ಅಣ್ಣ ಎರಡು ಸಲ ಕೇಳಿದ. ಎರಡು ಸಲವೂ ಅವರು ಹೇಳಿದ್ದು, ಅದನ್ನು ನಾನು ಹೇಳೋಕೆ ಬರೋದಿಲ್ಲ ಅಂತ. ಸ್ಕ್ಯಾನಿನಲ್ಲಿ ಕಂಡ ಕಲೆ ಕೆಲವು ತಿಂಗಳದ್ದಲ್ಲ, ಇನ್ನೂ ಹಳೇದಿರಬಹುದು. ಅತ್ತಿಗೆಗೆ ಕೆಮ್ಮು ಬರೋಕೆ ಮುಂಚೆಯೇ ಶುರುವಾಗಿದ್ದಿರಬಹುದು. ಸ್ಟೀರಾಯ್ಡ್ ಉರಿಯೂತವನ್ನು ಇಳಿಸುತ್ತೆ, ಉಸಿರಾಟ ಹಗುರ ಮಾಡುತ್ತೆ. ಮೊದಲೇ ಕೊಟ್ಟಿದ್ದರೆ ಕಲೆಯೇ ಆಗುತ್ತಿರಲಿಲ್ಲ ಅನ್ನೋದಕ್ಕೆ ವೈದ್ಯಶಾಸ್ತ್ರದಲ್ಲಿ ಗಟ್ಟಿ ಪುರಾವೆ ಇಲ್ಲ.

ಅಂದರೆ ನಾವು ಎರಡು ವರ್ಷ ಹಲ್ಲು ಕಡಿದದ್ದು, ಆಗಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲದ ಒಂದು ಅಪರಾಧದ ಮೇಲೆ. ಅದೇ ಎರಡು ವರ್ಷದಲ್ಲಿ, ಆಗಿದೆ ಅಂತ ಖಂಡಿತ ಗೊತ್ತಿದ್ದ ಇನ್ನೊಂದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಡಾಕ್ಟರನ್ನು ಬೈಯುತ್ತಾ ಇದ್ದಷ್ಟು ಹೊತ್ತು ತಟ್ಟೆಯ ಮಾತು ಬರೋದಿಲ್ಲವಲ್ಲ.

ತಟ್ಟೆ ಬೇರೆ ಆದದ್ದು ಹೇಗೆ ಅಂತ ನೆನಪು ಮಾಡಿಕೊಂಡರೆ, ಅದನ್ನು ಯಾರೂ ತೀರ್ಮಾನ ಮಾಡಲಿಲ್ಲ. ಮಾತ್ರೆ ಶುರುವಾದ ವಾರ ಅವ್ವ ಒಂದು ತಟ್ಟೆ, ಒಂದು ಲೋಟ ತೆಗೆದು ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿಟ್ಟಳು. ಯಾರೂ ಯಾಕೆ ಅಂತ ಕೇಳಲಿಲ್ಲ. ಆಮೇಲೆ ಹಾಸಿಗೆ ಹಿಂದಿನ ಕೋಣೆಗೆ ಹೋಯ್ತು, ಮೊದಲು ಕಾಯಿ ರಾಶಿ ಹಾಕುತ್ತಿದ್ದ ಕೋಣೆಗೆ. ಆಮೇಲೆ ಅಡುಗೆಮನೆಗೆ ಬರೋದು ನಿಂತಿತು, "ರೆಸ್ಟ್ ತಗಳವ್ವ" ಅನ್ನೋ ನೆಪದಲ್ಲಿ. ಹದಿನೆಂಟು ವರ್ಷ ಆ ಒಲೆ ಹಚ್ಚಿದವರು ಬಾಗಿಲ ಹೊರಗೆ ನಿಂತು "ಸಾರಿಗೆ ಉಪ್ಪು ಹಾಕಿದ್ರಾ" ಅಂತ ಕೇಳೋ ಹಾಗಾಯ್ತು. ಆ ಕೋಣೆಗೆ ಒಂದೇ ಕಿಟಕಿ. ಶೀತ ಆಗುತ್ತೆ ಅಂತ ಅದನ್ನು ಮುಚ್ಚಿಯೇ ಇಟ್ಟಿದ್ದೆವು.

ಆ ಕಿಟಕಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಟಿಬಿ ಹರಡೋದು ಗಾಳಿಯಿಂದ. ಶ್ವಾಸಕೋಶದ ಟಿಬಿ ಇರೋರು ಕೆಮ್ಮಿದಾಗ ಗಾಳಿಗೆ ಬಂದ ಕ್ರಿಮಿ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲಾಡುತ್ತೆ. ತಟ್ಟೆ, ಲೋಟ, ಬಟ್ಟೆ, ಕೈ ಮುಟ್ಟೋದು, ಯಾವುದರಿಂದಲೂ ಬರಲ್ಲ. ಅಂದರೆ ಅದು ನಿಜವಾಗಿ ಟಿಬಿಯೇ ಆಗಿದ್ದಿದ್ದರೆ ನಾವು ಮಾಡಬೇಕಿದ್ದ ಮೊದಲ ಕೆಲಸ ಕಿಟಕಿ ತೆಗೆಯೋದು. ನಾವು ತಟ್ಟೆ ಬೇರೆ ಮಾಡಿ ಕಿಟಕಿ ಹಾಕಿದೆವು. ನಮ್ಮನ್ನು ಕಾಪಾಡಿಕೊಳ್ಳೋದೇ ಉದ್ದೇಶವಾಗಿದ್ದರೆ ಒಬ್ಬರಾದರೂ ಹೇಗೆ ಹರಡುತ್ತೆ ಅಂತ ಕೇಳಿ ತಿಳಿದುಕೊಳ್ಳುತ್ತಿದ್ದೆವು. ಕೇಳಿದ್ದರೆ ಇನ್ನೂ ಒಂದು ವಿಷಯ ಗೊತ್ತಾಗುತ್ತಿತ್ತು: ಕಫದಲ್ಲಿ ಕ್ರಿಮಿಯೇ ಕಾಣದ, ಗ್ರಂಥಿಯಲ್ಲಷ್ಟೇ ಇದೆ ಅಂತ ಅಂದುಕೊಂಡಿದ್ದ ಟಿಬಿ ಬೇರೆಯವರಿಗೆ ಅಂಟೋ ಸಾಧ್ಯತೆ ತೀರಾ ಕಡಿಮೆ.

ಇದೇನು ಹೊಸದಾಗಿ ಕಂಡುಹಿಡಿದ ವಿಷಯವೂ ಅಲ್ಲ. 1956ರಲ್ಲಿ ಮದ್ರಾಸಿನಲ್ಲಿ ಟಿಬಿ ಚಿಕಿತ್ಸಾ ಸಂಶೋಧನಾ ಕೇಂದ್ರ ಶುರುವಾಯ್ತು. ಅಲ್ಲಿ ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ, ಇನ್ನೊಂದಕ್ಕೆ ಅವರವರ ಮನೆಯಲ್ಲೇ ಔಷಧಿ ಕೊಟ್ಟು ನೋಡಿದರು. ಮನೆ ಅಂದರೆ ಒಂದೇ ಕೋಣೆಯ, ಜನ ತುಂಬಿದ ಮನೆಗಳು. 1959ರಲ್ಲಿ ವರದಿ ಬಂತು: ಮನೆಯಲ್ಲಿದ್ದವರೂ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ವಾಸಿಯಾದರು. ಅವರ ಮನೆಮಂದಿಗೆ ಟಿಬಿ ಬಂದದ್ದೂ ಸ್ಯಾನಟೋರಿಯಂ ಸೇರಿದವರ ಮನೆಮಂದಿಗಿಂತ ಹೆಚ್ಚೇನೂ ಇರಲಿಲ್ಲ. ಔಷಧಿ ಬೀಳುವುದಕ್ಕೆ ಮುಂಚೆ ಅಂಟಿದ್ದಷ್ಟೇ ಅಂಟಿದ್ದು. ಪ್ರಪಂಚದಾದ್ಯಂತ ಸ್ಯಾನಟೋರಿಯಂಗಳು ಮುಚ್ಚಿಹೋಗೋಕೆ ಈ ವರದಿಯೂ ಒಂದು ಕಾರಣ. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೂ ಬಂತು. ಅರವತ್ತು ವರ್ಷವಾದರೂ ಈ ಸುದ್ದಿ ಬೆಂಗಳೂರಿಂದ ಜಾವಗಲ್ಲಿನ ನಮ್ಮ ಹಿತ್ತಲ ಬಾಗಿಲಿಗೆ ಬಂದಿರಲಿಲ್ಲ.

ಆದರೆ ನನಗೆ ಬಂದಿತ್ತು. ಮದ್ರಾಸಿನ ವರದಿ ಓದಿದ್ದು ಆಮೇಲೆ, ತಟ್ಟೆಯಿಂದ ಟಿಬಿ ಬರಲ್ಲ ಅನ್ನೋದು ಆಗಲೇ ಗೊತ್ತಿತ್ತು. ಸಂಕ್ರಾಂತಿಗೆ ಊರಿಗೆ ಹೋದಾಗ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಮಾತಾಡಿಸಿದೆ, ಒಳಗೆ ಹೋಗಲಿಲ್ಲ. ನನ್ನ ಮಗಳಿಗೆ ಆಗ ನಾಲ್ಕು ವರ್ಷ, ದೊಡ್ಡಮ್ಮ ಅಂದರೆ ಜೀವ. ಓಡಿಹೋಗಿ ಅತ್ತಿಗೆಯ ಮಡಿಲಲ್ಲಿ ಕೂತಳು. ನಾನು "ಬಾ ಬಾ, ಕರು ನೋಡೋಣ" ಅಂತ ಕರೆದು ಎತ್ತಿಕೊಂಡು ಬಂದೆ. ಎಷ್ಟು ಸಹಜವಾಗಿ ಕರೆದೆ ಅಂದರೆ ಯಾರಿಗೂ ಗೊತ್ತಾಗಿರಲಿಕ್ಕಿಲ್ಲ ಅಂದುಕೊಂಡಿದ್ದೆ. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಮದುವೆಯಾಗಿ ಬಂದ ಅತ್ತಿಗೆ, ನನ್ನ ಮುಖ ನೋಡಿ ಹಸಿವೋ ಸುಳ್ಳೋ ಹೇಳುವವರು. ಅವರಿಗೆ ಗೊತ್ತಾಗದೇ ಇರುತ್ತಾ?

ಅವ್ವನ ಭಯವನ್ನು ನಾನು ಹಗುರವಾಗಿ ಮಾತಾಡೋದಿಲ್ಲ. ಅವಳ ಅಣ್ಣನನ್ನು, ನಮ್ಮ ಸೋದರಮಾವನನ್ನು, ಗಾಡಿಯಲ್ಲಿ ಬಾಣಾವರದ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ಅಲ್ಲಿಂದ ರೈಲಿನಲ್ಲಿ ಮೈಸೂರಿನ ಸ್ಯಾನಟೋರಿಯಂಗೆ ಸೇರಿಸಿದ್ದರಂತೆ. ಅವರು ವಾಪಸ್ ಬರಲಿಲ್ಲ. ಆ ಸ್ಯಾನಟೋರಿಯಂಗೆ ಇರೋ ಹೆಸರು ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರದ್ದು. ಅರಮನೆಯಲ್ಲೇ ಉಳಿಸಿಕೊಳ್ಳೋಕೆ ಆಗದ ಕಾಯಿಲೆ ಅಂದರೆ ಹಳ್ಳಿಯವರು ಹೆದರದೆ ಏನು ಮಾಡುತ್ತಾರೆ. ಆ ಭಯ ಅವ್ವನಿಗೆ ಅವಳ ಅವ್ವನಿಂದ ಬಂದದ್ದು, ಒಗ್ಗರಣೆ ಹಾಕೋದನ್ನು ಕಲಿತ ಹಾಗೆ ಕಲಿತದ್ದು. ಅವಳಿಗೆ ಗೊತ್ತಿರಲಿಲ್ಲ, ಮಾಡಿದಳು. ನನಗೆ ಗೊತ್ತಿತ್ತು, ಆದರೂ ಮಾಡಿದೆ. ಇಬ್ಬರ ತಪ್ಪೂ ಒಂದೇ ಅಂತ ನಾನು ಒಪ್ಪಲ್ಲ. ನನ್ನದು ದೊಡ್ಡದು.

ಈಗ ಅತ್ತಿಗೆಯ ಪ್ರಶ್ನೆಗೆ ಬರ್ತೀನಿ. ಅವ್ವ ಕೇಳಿದ್ದು ಕ್ಷಮೆ, ಅದರಲ್ಲಿ ಅನುಮಾನವಿಲ್ಲ. ಕಣ್ಣೀರೂ ನಿಜ. ಆದರೆ ಆ ಕ್ಷಮೆ ಯಾವುದರ ಮೇಲೆ ನಿಂತಿತ್ತು ನೋಡಿ. ಟಿಬಿ ಅಂದುಕೊಂಡು ಮಾಡಿದೆವು, ಟಿಬಿ ಅಲ್ಲ ಅಂತ ಗೊತ್ತಾಯ್ತು, ಆದ್ದರಿಂದ ತಪ್ಪಾಯ್ತು. ಪೊಲೀಸಿನವನೊಬ್ಬ ಯಾರನ್ನೋ ಸ್ಟೇಷನ್ನಿನಲ್ಲಿ ಹೊಡೆದು, ಆಮೇಲೆ "ಕಳ್ಳ ನೀನಲ್ಲ ಅಂತ ಗೊತ್ತಾಯ್ತು, ಸಾರಿ" ಅಂದ ಹಾಗೆ. ಕಳ್ಳನಾಗಿದ್ದರೆ ಹೊಡೆಯೋದು ಸರಿ ಅನ್ನೋದನ್ನು ಆ ಸಾರಿ ಮತ್ತೊಮ್ಮೆ ಗಟ್ಟಿ ಮಾಡುತ್ತೆ. ಅವ್ವನ ಕಣ್ಣೀರಿನಲ್ಲಿ ತಪ್ಪಾದದ್ದು ವಿಳಾಸ ಮಾತ್ರ. ತಟ್ಟೆ ಬೇರೆ ಇಡೋದು ಸರಿಯೇ, ಪಾಪ ಇವಳಿಗೆ ಇಡಬಾರದಿತ್ತು.

ಅಂಥ ಕ್ಷಮೆಯನ್ನು ಒಪ್ಪಿಕೊಂಡರೆ ಏನಾಗುತ್ತೆ? ಒಪ್ಪಿಕೊಂಡವರು "ನಾನು ಅವರಂಥವಳಲ್ಲ" ಅಂತ ಸಹಿ ಹಾಕಿದ ಹಾಗೆ. ಅತ್ತಿಗೆ ಆ ಸಹಿ ಹಾಕಲಿಲ್ಲ. ಒಂಬತ್ತು ತಿಂಗಳು ಅವರು ತಮ್ಮನ್ನು ಟಿಬಿ ರೋಗಿ ಅಂತಲೇ ಅಂದುಕೊಂಡಿದ್ದರು. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆಗೆ ಸಾಲು ನಿಂತಾಗ ಜೊತೆಗೆ ನಿಂತವರ ಮುಖಗಳು ಅವರಿಗೆ ಗೊತ್ತಿದ್ದವು. ಒಬ್ಬರು ಬಳೆ ಮಾರುವವರು, ಇನ್ನೊಬ್ಬ ಲಾರಿ ಕ್ಲೀನರ್ ಹುಡುಗ. ನನಗಾದದ್ದು ಅನ್ಯಾಯ, ಅವರಿಗಾದದ್ದು ನ್ಯಾಯ ಅಂತ ಹೇಳಿಸಿಕೊಳ್ಳೋಕೆ ಅವರು ತಯಾರಿರಲಿಲ್ಲ. ನಾನು ಇದನ್ನೆಲ್ಲ ಈಗ ವಿಸ್ತಾರ ಮಾಡಿ ಬರೆಯುತ್ತಿದ್ದೀನಿ. ಅವರು ಸಾರು-ಅನ್ನದ ಮುಂದೆ ಕೂತು ಒಂದೇ ಸಾಲಿನಲ್ಲಿ ಕೇಳಿದ್ದರು.

ಹಾಗಾದರೆ ಅಂಟುರೋಗ ಇರುವವರಿಂದ ದೂರ ಇರಲೇಬಾರದಾ ಅಂತ ನೀವು ಕೇಳಬಹುದು. ಇರಬೇಕಾದ ಕಡೆ ಇರಬೇಕು. 2021ರ ಮೇ ತಿಂಗಳಲ್ಲಿ ಅವ್ವನಿಗೆ ಕೊರೊನಾ ಬಂತು. ಅತ್ತಿಗೆ ಸ್ಟೀರಾಯ್ಡ್ ತಗೊಳ್ಳೋರು, ಹತ್ತಿರ ಹೋಗೋ ಹಾಗೇ ಇರಲಿಲ್ಲ. ಮಾಸ್ಕ್ ಹಾಕಿಕೊಂಡು ಊಟ ಬಾಗಿಲ ಹತ್ತಿರ ಇಡುತ್ತಿದ್ದರು. ಆಮೇಲೆ ಹೊರಗೆ ಕಿಟಕಿ ಕೆಳಗೆ, ಅವ್ವನ ಕೋಣೆಯ ಆ ಕಿಟಕಿಯನ್ನು ಪೂರ್ತಿ ತೆಗೆಸಿ, ಅಷ್ಟು ದೂರದಲ್ಲಿ ಮಣೆ ಹಾಕಿ ಕೂತು ಅವ್ವ ಉಂಡು ಮುಗಿಸುವವರೆಗೂ ಮಾತಾಡುತ್ತಿದ್ದರು. ಸೊಸೆ ಹೀಗೆ ಕೂತಿದ್ದಳು ಕಣಪ್ಪ ಅಂತ ಅವ್ವನೇ ನನಗೆ ಆಮೇಲೆ ಹೇಳಿದ್ದು. ಹೇಳುವಾಗ ಅವಳ ದನಿ ಬೇರೆ ಥರ ಇತ್ತು. ಏನು ಅರ್ಥ ಮಾಡಿಕೊಂಡಳೋ ನಾನು ಕೇಳಲಿಲ್ಲ.

ಟಿಬಿ ಅಲ್ಲ ಅಂತಾದ ಮೇಲೆ ಒಂದು ವಿಚಿತ್ರ ನಷ್ಟವೂ ಆಯ್ತು. ಟಿಬಿಗೆ ಸರ್ಕಾರದ ಮಾತ್ರೆ ಉಚಿತ, 2018ರಿಂದ ತಿಂಗಳಿಗೆ 500 ರೂಪಾಯಿ ಪೌಷ್ಟಿಕ ಆಹಾರಕ್ಕೆ ಅಂತ ಖಾತೆಗೆ ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಬರುತ್ತಿದ್ದರು. ಬಂದು ಹಿಂದಿನ ಕೋಣೆಯಲ್ಲಿ ಹಾಸಿಗೆಯ ಮೇಲೇ ಕೂತು, ಅತ್ತಿಗೆ ಕೈಯಿಂದಲೇ ನೀರು ಇಸ್ಕೊಂಡು ಕುಡಿದು, ಊರಿನ ಸುದ್ದಿ ಎಲ್ಲಾ ಹೇಳಿ ಹೋಗುತ್ತಿದ್ದರು. ಆ ಒಂಬತ್ತು ತಿಂಗಳಲ್ಲಿ ಆ ಕೋಣೆಯೊಳಗೆ ಕೂತ ಹೊರಗಿನವರು ಅವರೊಬ್ಬರೇ. ಕಾಯಿಲೆಯ ಹೆಸರು ಬದಲಾದ ಮೇಲೆ ಅವರ ಪಟ್ಟಿಯಿಂದ ಅತ್ತಿಗೆ ಹೆಸರು ಹೋಯ್ತು, ಬರೋದೂ ನಿಂತಿತು. ಹೊಸ ಕಾಯಿಲೆಗೆ ಪಟ್ಟಿ ಇಲ್ಲ, ಕಾರ್ಯಕರ್ತೆ ಇಲ್ಲ, ಊರಿನವರ ಬಾಯಿಗೆ ಬರೋ ಹೆಸರೂ ಇಲ್ಲ. ಸ್ಟೀರಾಯ್ಡಿಗೆ ಮುಖ ಊದಿಕೊಂಡಾಗ "ಈಗ ಮೈ ಕೈ ತುಂಬ್ಕಂಡು ಚೆನ್ನಾಗವ್ರೆ" ಅಂದರು ಜನ. ಸಕ್ಕರೆ ಕಾಯಿಲೆಯೂ ಅದರ ಜೊತೆ ಬಂದದ್ದು ಅವರಿಗೆ ಗೊತ್ತಿರಲಿಲ್ಲ. ಕಲೆ ಹೆಚ್ಚಾಗುತ್ತಾ ಹೋದ ಮೇಲೆ ಅದರ ವೇಗ ತಗ್ಗಿಸೋಕೆ ಅಂತ ಇನ್ನೊಂದು ಮಾತ್ರೆ ಕೊಟ್ಟಿದ್ದಾರೆ. ತಗ್ಗಿಸುತ್ತೆ ಅಷ್ಟೇ, ಆಗಿರೋ ಕಲೆಯನ್ನು ಅಳಿಸೋ ಮಾತ್ರೆ ಇನ್ನೂ ಬಂದಿಲ್ಲ. ಅದರ ಖರ್ಚಿಗೆ ಪ್ರತಿ ತಿಂಗಳು ನಾನೂ ಅಣ್ಣನೂ ಪಾಲು ಹಾಕುತ್ತೇವೆ. ಪಾಪಪ್ರಜ್ಞೆಯಿಂದಲಾ ಅಂತ ಒಮ್ಮೆ ಹೆಂಡತಿ ಕೇಳಿದಳು. ಇರಬಹುದು. ಔಷಧಿ ಅಂಗಡಿಯವನಿಗೆ ಅದರಿಂದ ವ್ಯತ್ಯಾಸವಾಗಲ್ಲ.

ಈಗ ಮನೆಯಿಂದ ನರಸಿಂಹಸ್ವಾಮಿ ಗುಡಿಗೆ ಹೋಗೋಕೆ ಅತ್ತಿಗೆ ಮೂರು ಕಡೆ ನಿಲ್ಲುತ್ತಾರೆ. ಮೂರನೇದು ಗುಡಿಯ ಮೆಟ್ಟಿಲು. ಅಲ್ಲಿ ಕೂತು ಬೆರಳಿಗೆ ಆ ಕ್ಲಿಪ್ಪಿನ ಮಿಷನ್ ಹಾಕಿಕೊಂಡು ನೋಡುತ್ತಾರೆ. 86, 87. ಐದು ನಿಮಿಷ ಕೂತರೆ 92ಕ್ಕೆ ಬರುತ್ತೆ. ಮನೆಯಲ್ಲಿ ಆಮ್ಲಜನಕದ ಮಿಷನ್ ಇದೆ, ಕರೆಂಟ್ ಹೋದಾಗಿನ ಪಾಡಿಗೆ ಒಂದು ಯುಪಿಎಸ್ ಇದೆ, ಅದು ಎಷ್ಟು ಹೊತ್ತು ಎಳೆಯುತ್ತೆ ಅನ್ನೋದು ಮನೆಯವರೆಲ್ಲರಿಗೂ ಬಾಯಿಪಾಠ. ಹಾಸಿಗೆ ಮುಂದಿನ ಕೋಣೆಯಲ್ಲಿದೆ. ಶ್ವಾಸಕೋಶದ ಕಲೆ, ಮನಸ್ಸಿನ ಕಲೆ ಅಂತ ಜೋಡಿಸಿ ಬರೆಯೋಕೆ ಕೈ ಹೋಗುತ್ತೆ. ಆದರೆ ಮಲಗಿದಾಗ ಉಸಿರು ಸಿಕ್ಕದೆ ಎದ್ದು ಕೂರುವವರನ್ನು ಹತ್ತಿರದಿಂದ ನೋಡಿದ ಮೇಲೆ ಆ ಆಟ ಆಡೋಕೆ ಮನಸ್ಸು ಬರಲ್ಲ.

ಇದನ್ನು ಬರೆಯಲಾ ಅಂತ ಅವರನ್ನೇ ಕೇಳಿದೆ. "ಬರಿ. ಆದ್ರೆ ನಂದು ಟಿಬಿ ಅಲ್ಲ ಅಂತ ಬರೀಬೇಡ ಕಣಪ್ಪ" ಅಂದರು. ಅದನ್ನು ಹೇಳದೆ ಈ ಕತೆ ಹೇಳೋಕೆ ಆಗಲ್ಲ ಅತ್ತಿಗೆ ಅಂದೆ. "ಆಗಲ್ವಾ? ಸರಿ, ನಿನ್ನಿಷ್ಟ" ಅಂದು ಸುಮ್ಮನಾದರು. ಅವರಿಗೆ ಬೇಜಾರಾಯ್ತು ಅಂತಲೇ ನನ್ನ ಅನಿಸಿಕೆ. ನನಗೆ ಬೇರೆ ದಾರಿ ಹೊಳೆಯಲಿಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಒಂದು ವಿಷಯ ಗೊತ್ತಾಯ್ತು. ನಮ್ಮ ಬೀದಿ ಕೊನೆಯ ಮನೆಯ ಹುಡುಗನಿಗೆ ಟಿಬಿ, ನಿಜವಾದ ಟಿಬಿ, ಕಫದಲ್ಲೇ ಸಿಕ್ಕಿದೆ. ನೋಡಿಬರೋಣ ಅಂತ ಅತ್ತಿಗೆ ಹೊರಟಿದ್ದಾರೆ. ಫೋನಿನಲ್ಲಿ ಡಾಕ್ಟರು ಖಡಾಖಂಡಿತವಾಗಿ ಬೇಡ ಅಂದಿದ್ದಾರೆ. ನೀವು ತಗೊಳ್ಳೋ ಮಾತ್ರೆಗೆ, ನಿಮ್ಮ ಶ್ವಾಸಕೋಶಕ್ಕೆ, ಅದು ಬಂದರೆ ಉಳಿಯೋದು ಕಷ್ಟ ಅಂತ. "ಈಗ ನಾನೇ ಹೋಗ್ಬಾರ್ದಂತೆ ಕಣಪ್ಪ" ಅಂದರು ನನಗೆ. ನಗುತ್ತಿದ್ದರೋ ಇಲ್ಲವೋ ಮೂಗಿನ ಪೈಪಿನ ಹಿಂದೆ ಸರಿಯಾಗಿ ಕಾಣಲಿಲ್ಲ. ಅದಕ್ಕೇ ಆ ಹುಡುಗನಿಗೆ ದಿನಾ ಸಂಜೆ ಫೋನ್ ಮಾಡಿ ಮಾತ್ರೆ ನುಂಗಿದೆಯಾ, ಕಿಟಕಿ ತೆಗೆದಿದೀಯಾ ಅಂತ ಕೇಳುತ್ತಾರೆ. ವಾರಕ್ಕೆರಡು ದಿನ ಮೊಟ್ಟೆ ಸಾರು ಮಾಡಿಸಿ ಮನೆಯ ಸ್ಟೀಲ್ ಡಬ್ಬಿಯಲ್ಲಿ ಕಳಿಸುತ್ತಾರೆ.

ನಾನಿದ್ದ ದಿನ ಹುಡುಗನ ತಾಯಿ ಡಬ್ಬಿ ವಾಪಸ್ ಕೊಡೋಕೆ ಬಂದರು. ಗೇಟಿನ ಹತ್ತಿರವೇ ನಿಂತರು. ಡಬ್ಬಿಯನ್ನು ಸೆರಗಿನ ತುದಿಯಲ್ಲಿ ಹಿಡಿದಿದ್ದರು, ಕೈ ತಾಕಿಸದ ಹಾಗೆ. "ಚೆನ್ನಾಗಿ ತೊಳ್ದಿದೀನಿ, ಇಲ್ಲೇ ಜಗಲಿ ಮೇಲೆ ಇಡ್ಲಾ ಅಕ್ಕ?" ಅಂದರು. ಅತ್ತಿಗೆ ಒಳಗಿನಿಂದಲೇ "ಒಳಗೆ ಕೊಡಮ್ಮ, ನಮ್ಮತ್ತೆ ಅವ್ರೆ" ಅಂದರು. ಅವ್ವ ಎದ್ದು ಬಂದು ಡಬ್ಬಿಯನ್ನು ಕೈಯಲ್ಲೇ ಇಸ್ಕೊಂಡಳು. ಒಳಗೆ ಹೋಗಿ ಬಿಸಿನೀರಿನಲ್ಲಿ ಒಂದು ಸಲ ತೊಳೆದಳು. ಸ್ವಲ್ಪ ಹೊತ್ತು ನಿಂತು, ಇನ್ನೊಂದು ಸಲ ತೊಳೆದಳು. ಆಮೇಲೆ ಮಿಕ್ಕ ಡಬ್ಬಿಗಳ ಜೊತೆ ಬೋರಲು ಹಾಕಿದಳು.